ಚಮಚದಿಂದ ಜಾರದ ಸರಿ

ನನ್ನ ಮಗಳಿಗೆ ಎಂಟು ತಿಂಗಳು ತುಂಬಿದಾಗ ಅವಳ ತೂಕ ಎರಡು ತಿಂಗಳಿನಿಂದ ನಿಂತಲ್ಲೇ ನಿಂತಿತ್ತು. ತಾಯಿ ಕಾರ್ಡಿನ ಹಾಳೆಯಲ್ಲಿ ಚೆನ್ನಾಗಿ ಏರುತ್ತಾ ಬಂದಿದ್ದ ಗೆರೆ ಆರನೇ ತಿಂಗಳ ಹತ್ತಿರ ಚಾಪೆ ಹಾಸಿ ಮಲಗಿದ ಹಾಗೆ ಅಡ್ಡವಾಗಿಬಿಟ್ಟಿತ್ತು. ಅಂಗನವಾಡಿ ಟೀಚರ್ ಕೇಳಿದರು, “ಏನು ಕೊಡ್ತಿದೀಯಮ್ಮ ಮಗೂಗೆ?” ನಾನು ಹೆಮ್ಮೆಯಿಂದಲೇ ಹೇಳಿದೆ, “ದಿನಕ್ಕೆ ಮೂರು ಸಲ ರಾಗಿ ಸರಿ ಟೀಚರ್. ಬಟ್ಟಲು ತುಂಬ ಕುಡೀತಾಳೆ.”

“ಕುಡೀತಾಳೆ ಅಂದ್ಯಲ್ಲ, ಅಲ್ಲೇ ಇದೆ ನೋಡು. ಸರಿ ತಿನ್ಸೋದು ಕಣಮ್ಮ, ಕುಡ್ಸೋದಲ್ಲ.”

ಮರುದಿನ ಮನೆಗೇ ಬಂದರು. ಒಲೆಯ ಮೇಲಿದ್ದ ಪಾತ್ರೆಯಿಂದ ಒಂದು ಚಮಚ ಸರಿ ತೆಗೆದು ಓರೆ ಮಾಡಿದರು. ಅದು ಹಾಲಿನ ಹಾಗೆ ಸುರಿದುಹೋಯಿತು. “ಇದರಿಂದ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಚಮಚ ಓರೆ ಮಾಡಿದ್ರೆ ಇದು ಒಂದು ಗಳಿಗೆ ನಿಂತ್ಕೋಬೇಕು.” ಎರಡು ಮಕ್ಕಳನ್ನು ಬೆಳೆಸುವಾಗ ನನಗೆ ಸಿಕ್ಕ ನೂರಾರು ಸಲಹೆಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಆರು ತಿಂಗಳ ಮೇಲಿನ ಮಗುವಿನ ಊಟದ ಬಗ್ಗೆ ಹೇಳಬೇಕಾದ ಬಹುಪಾಲು ವಿಷಯ ಆ ಚಮಚದಲ್ಲೇ ಇದೆ ಎಂದು ಈಗಲೂ ನಂಬಿದ್ದೇನೆ.

ಲೆಕ್ಕ ಹಾಕಿ ನೋಡೋಣ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ತಾಯಿಹಾಲಿನ ಜೊತೆಗೆ, ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ 300, ವರ್ಷ ದಾಟಿದ ಮೇಲೆ 550 ಕ್ಯಾಲೊರಿಯಷ್ಟು ಶಕ್ತಿ ಊಟದಿಂದ ಬರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವಿನ ಹೊಟ್ಟೆ ಎಷ್ಟು ದೊಡ್ಡದು? ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. ಎಂಟು ಕಿಲೋ ಮಗುವಿಗೆ ಒಂದು ಹೊತ್ತಿಗೆ ಒಂದು ಲೋಟಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ನಾನು ಮಾಡುತ್ತಿದ್ದುದು ಲೋಟ ನೀರಿಗೆ ಒಂದು ದೊಡ್ಡ ಚಮಚ ಹಿಟ್ಟು, ಅಂದರೆ ಸುಮಾರು 10 ಗ್ರಾಂ. ಅದರಲ್ಲಿರುವುದು ಮೂವತ್ತು ಚಿಲ್ಲರೆ ಕ್ಯಾಲೊರಿ. ಅಷ್ಟೇ ಅಳತೆಯ ತಾಯಿಹಾಲಿನಲ್ಲಿ ಅದರ ನಾಲ್ಕು ಪಾಲು ಶಕ್ತಿ ಇರುತ್ತದೆ. ಆ ತೆಳು ಸರಿಯಿಂದ 200 ಕ್ಯಾಲೊರಿ ಬರಬೇಕಾದರೆ ಮಗು ದಿನಕ್ಕೆ ಆರು ಲೋಟ ಕುಡಿಯಬೇಕು. ಹೊಟ್ಟೆಯ ಜಾಗವನ್ನೆಲ್ಲ ಆ ನೀರು ತೆಗೆದುಕೊಂಡಿತ್ತು; ಹಾಲು ಕುಡಿಯುವುದನ್ನೂ ಮಗಳು ಕಡಿಮೆ ಮಾಡಿದ್ದಳು. ಹಸಿವು ಆರಿದ ಮಗು ಅಳುವುದಿಲ್ಲ. ಅಳದ ಮಗುವನ್ನು ನೋಡಿ ನಾನು ನೆಮ್ಮದಿಯಾಗಿದ್ದೆ.

ಅರ್ಧ ಬಟ್ಟಲು ಸರಿಗೆ ಎರಡು ದೊಡ್ಡ ಚಮಚ ಹಿಟ್ಟು, ಇಳಿಸುವಾಗ ಒಂದು ಚಿಕ್ಕ ಚಮಚ ತುಪ್ಪ ಹಾಕಿದರೆ ಸುಮಾರು 100 ಕ್ಯಾಲೊರಿ ಆಗುತ್ತದೆ. ಎರಡು ಹೊತ್ತಿಗೆ 200. ಅಳತೆ ಕಡಿಮೆಯಾಯಿತು, ಬಲ ಹೆಚ್ಚಾಯಿತು. ಮಗುವಿನ ಊಟದಲ್ಲಿ ತುಪ್ಪ, ಎಣ್ಣೆ ಏಕೆ ಬೇಕು ಎನ್ನುವುದಕ್ಕೂ ಇದೇ ಉತ್ತರ. ಚಿಕ್ಕ ಹೊಟ್ಟೆಗೆ ಸಾಂದ್ರವಾದದ್ದನ್ನೇ ಕೊಡಬೇಕು.

ಆದರೆ ಸರಿ ಮಾಡಿದವರಿಗೆಲ್ಲ ಗೊತ್ತಿರುವ ತೊಂದರೆಯೊಂದಿದೆ. ರಾಗಿ ಹಿಟ್ಟು ಹೆಚ್ಚಿಗೆ ಹಾಕಿದರೆ ಅದು ಮುದ್ದೆಯ ಕಡೆಗೆ ಹೊರಡುತ್ತದೆ. ಬಿಸಿ ನೀರಿನಲ್ಲಿ ಪಿಷ್ಟದ ಕಣಗಳು ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಏಳು ತಿಂಗಳ ಮಗುವಿನ ನಾಲಿಗೆಗೆ ಆ ಅಂಟು ನುಂಗಲಾಗುವುದಿಲ್ಲ. ಆಗ ಕೈ ತಾನಾಗಿ ನೀರಿನ ಚೊಂಬಿನ ಕಡೆ ಹೋಗುತ್ತದೆ. ಈ ಕಟ್ಟನ್ನು ಬಿಡಿಸುವ ಉಪಾಯ ನಮ್ಮ ಅಜ್ಜಿಯರ ಕೈಯಲ್ಲಿತ್ತು. ಅದು ಮೊಳಕೆ.

ರಾಗಿ ಮೊಳಕೆಯೊಡೆಯುವಾಗ ಕಾಳಿನೊಳಗೆ ಅಮೈಲೇಸ್ ಎನ್ನುವ ಕಿಣ್ವ ಹುಟ್ಟುತ್ತದೆ. ಎಳೆ ಸಸಿಗೆ ಆಹಾರ ಬೇಕಲ್ಲ, ಅದಕ್ಕಾಗಿ ಅದು ಪಿಷ್ಟದ ಉದ್ದನೆಯ ಸರಪಳಿಗಳನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಮೊಳಕೆ ರಾಗಿಯ ಹಿಟ್ಟಿನಿಂದ ಸರಿ ಮಾಡಿದಾಗಲೂ ಆ ಕಿಣ್ವ ಕೆಲಸ ಮುಂದುವರಿಸಿ ಅಂಟನ್ನು ಸಡಿಲಿಸುತ್ತದೆ. ಹಿಟ್ಟು ಎರಡರಷ್ಟು ಹಾಕಿದರೂ ಸರಿ ಮೆತ್ತಗೇ ಇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಇದನ್ನೇ ಅಧ್ಯಯನ ಮಾಡಿ, ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ತಯಾರಿಸಿದ, ಬಿಸಿಯಲ್ಲೂ ಗಟ್ಟಿಯಾಗಿ ಹಿಡಿದುಕೊಳ್ಳದ ಮಕ್ಕಳ ಆಹಾರದ ಬಗ್ಗೆ 1982ರಲ್ಲಿ ಬರೆದರು. ಟಾಂಜಾನಿಯಾದಲ್ಲಿ ಮೊಳಕೆ ಧಾನ್ಯದ ಹಿಟ್ಟಿಗೆ ‘ಶಕ್ತಿಯ ಹಿಟ್ಟು’ ಎಂಬ ಅರ್ಥದ ಹೆಸರೇ ಬಂತು. ಮಾಮೂಲಿ ಹಿಟ್ಟಿನ ಗಟ್ಟಿ ಗಂಜಿಗೆ ಅದನ್ನು ಒಂದು ಚಮಚ ಬೆರೆಸಿದರೂ ಗಂಜಿ ಸಡಿಲವಾಗುತ್ತದೆ. ಹಳೇ ಮೈಸೂರಿನ ಸರಿ, ಕರಾವಳಿಯ ಮಣ್ಣಿ, ಇವು ಬರೀ ರೂಢಿಯಿಂದ ಬಂದವಲ್ಲ. ಹೊಟ್ಟೆ ಚಿಕ್ಕದು, ಹಸಿವು ದೊಡ್ಡದು ಎನ್ನುವ ಸಮಸ್ಯೆಗೆ ಹೆಂಗಸರು ಒಲೆಯ ಮುಂದೆ ಕೂತು ಕಂಡುಕೊಂಡ ಪರಿಹಾರ.

ನಾನು ಮಾಡುವ ಕ್ರಮ ಹೇಳುತ್ತೇನೆ. ರಾಗಿಯನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು, ಕಲ್ಲು ಗಾಳಿಸಿ, ರಾತ್ರಿಯಿಡೀ ನೆನೆಹಾಕುವುದು. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ಒಣಗದಂತೆ ಆಗಾಗ ನೀರು ಚಿಮುಕಿಸುತ್ತಿದ್ದರೆ ಒಂದೂವರೆ ಎರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತದೆ. ಹುಳಿ ವಾಸನೆಯೋ ಬೂಷ್ಟೋ ಬಂದರೆ ಇಡೀ ಗಂಟನ್ನು ಎಸೆದುಬಿಡಿ, ಮಗುವಿನ ವಿಷಯದಲ್ಲಿ ಅಲ್ಲಿ ಜಿಪುಣತನ ಬೇಡ. ಮೊಳಕೆ ಬಂದದ್ದನ್ನು ಗರಿಗರಿಯಾಗುವವರೆಗೆ ಒಣಗಿಸಿ, ಒರಟು ಬಟ್ಟೆಯ ಮೇಲೆ ಅಂಗೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ. ಮೊರದಲ್ಲಿ ಕೇರಿದರೆ ಕಾಳು ಮಾತ್ರ ಉಳಿಯುತ್ತದೆ. ಇಲ್ಲಿ ಒಂದು ಎಚ್ಚರ. ಬಾಣಲೆಗೆ ಹಾಕಿ ಕೆಂಪಗೆ ಹುರಿದರೆ ಕಿಣ್ವ ಸಾಯುತ್ತದೆ, ಎರಡು ದಿನದ ಶ್ರಮವೂ ಅದರ ಜೊತೆ ಹೋಗುತ್ತದೆ. ಸಣ್ಣ ಉರಿಯಲ್ಲಿ ಕೈಗೆ ಬೆಚ್ಚಗಾಗುವಷ್ಟು ಸಾಕು. ಹೆಸರುಕಾಳನ್ನೂ ಹೀಗೇ ಮೊಳಕೆ ಬರಿಸಿ, ಒಣಗಿಸಿ, ಸಿಪ್ಪೆ ತೆಗೆದು, ಮೂರು ಪಾಲು ರಾಗಿಗೆ ಒಂದು ಪಾಲು ಸೇರಿಸುತ್ತೇನೆ. ಮಿಲ್ಲಿನಲ್ಲಿ ನಮಗಿಂತ ಮುಂಚೆ ಖಾರದಪುಡಿ ಬೀಸಿದ್ದರೆ ಇನ್ನೊಂದು ದಿನ ಹೋಗುವುದು ಒಳ್ಳೆಯದು. ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಕೆಂಪು ಹೊಟ್ಟು ಮೇಲೆ ಉಳಿಯುತ್ತದೆ. ತಿಂಗಳಿಗೆ ಆಗುವಷ್ಟು ಮಾತ್ರ ಮಾಡಿ.

ಬೇಯಿಸುವಾಗ ಹಿಟ್ಟನ್ನು ತಣ್ಣೀರಿನಲ್ಲೇ ಕಲಸಿ, ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿ ಮಾಡಬೇಕು. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಕೊನೆಗೆ ಚೆನ್ನಾಗಿ ಕುದಿಯಲೇಬೇಕು, ಏಕೆಂದರೆ ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ.

ಈಗೀಗ ಸರಿ ಹಿಟ್ಟಿಗೆ ಬಾದಾಮಿ, ಗೋಡಂಬಿ, ಪಿಸ್ತಾ, ಗೋಧಿ, ಜೋಳ, ಕಡಲೆ ಎಂದು ಇಪ್ಪತ್ತು ಬಗೆ ಸೇರಿಸುತ್ತಾರೆ. ಅಕ್ಕರೆಯಿಂದಲೇ ಮಾಡುತ್ತಾರೆ, ಆದರೂ ನನಗೆ ಇದು ಒಪ್ಪಿಗೆಯಿಲ್ಲ. ಮೊದಲ ತುತ್ತಿನಲ್ಲೇ ಇಪ್ಪತ್ತು ಪದಾರ್ಥ ಇದ್ದು ಮಗುವಿನ ಮೈಯಲ್ಲಿ ದದ್ದು ಎದ್ದರೆ ಯಾವುದರಿಂದ ಎಂದು ಹುಡುಕುವುದು? ಎಣ್ಣೆ ಬೀಜಗಳು ಬೆರೆತ ಹಿಟ್ಟು ಬೇಗ ಕಮಟಾಗುತ್ತದೆ ಕೂಡ. ಒಂದೊಂದನ್ನೇ, ಎರಡು ಮೂರು ದಿನ ಬಿಟ್ಟು ಪರಿಚಯಿಸಿ. ಬಾದಾಮಿ, ಕಡಲೆಕಾಯಿಯನ್ನು ನುಣ್ಣಗೆ ಪುಡಿ ಮಾಡಿ ಆಯಾ ಹೊತ್ತಿನ ಸರಿಗೇ ಬೆರೆಸಿದರಾಯಿತು.

ಚಮಚದ ಪಾಠವನ್ನು ಸರಿಗೆ ಮಾತ್ರ ನಿಲ್ಲಿಸಬಾರದು. ನಮ್ಮ ಮನೆಗಳಲ್ಲಿ ಮಗುವಿಗೆ ಎಂದರೆ ತಿಳಿ. ಬೇಳೆ ಬೇಯಿಸಿ ಮೇಲಿನ ಕಟ್ಟು ಕೊಡುತ್ತೇವೆ, ಬೇಳೆಯನ್ನು ನಾವು ತಿನ್ನುತ್ತೇವೆ. ತರಕಾರಿ ಬೆಂದ ನೀರು ಮಗುವಿಗೆ, ತರಕಾರಿ ಸಾರಿಗೆ. ಅನ್ನದ ಗಂಜಿತಿಳಿ ಮಗುವಿಗೆ, ಅನ್ನ ದೊಡ್ಡವರಿಗೆ. ಗಟ್ಟಿಯಾದದ್ದು ಅರಗುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎನ್ನುವ ಹೆದರಿಕೆ ಇದರ ಹಿಂದಿದೆ. ಪ್ರೀತಿಯ ಹೆದರಿಕೆಯೇ ಅದು, ಆದರೆ ಸತ್ವವೆಲ್ಲ ಪಾತ್ರೆಯ ತಳದಲ್ಲಿ ಉಳಿದುಬಿಡುತ್ತದೆ. ಬೇಳೆಯನ್ನೇ ಮೆತ್ತಗೆ ಬೇಯಿಸಿ, ಅನ್ನದ ಜೊತೆ ಬೆರಳಲ್ಲಿ ಕಿವುಚಿ ತುಪ್ಪ ಹಾಕಿ ಕೊಡಿ. ಮಿಕ್ಸಿಗೆ ಹಾಕುವುದು ಬೇಡ. ಒಂಬತ್ತು ಹತ್ತು ತಿಂಗಳ ಹೊತ್ತಿಗೆ ಸಣ್ಣ ಸಣ್ಣ ಗಂಟುಗಳು ಬಾಯಿಗೆ ಅಭ್ಯಾಸವಾಗಬೇಕು. ನುಣ್ಣನೆಯದನ್ನೇ ತಿಂದು ಬೆಳೆದ ಮಕ್ಕಳು ಎರಡು ವರ್ಷಕ್ಕೂ ಅಗಿಯಲು ತಕರಾರು ಮಾಡುತ್ತಾರೆ. ಹಲ್ಲು ಬಂದಿಲ್ಲ ಎಂದು ಕಾಯಬೇಕಾಗಿಲ್ಲ, ವಸಡೇ ಮೆತ್ತಗಿನದನ್ನು ಅರೆಯುತ್ತದೆ. ಸರಿಯನ್ನು ಬಾಟಲಿಗೆ ತುಂಬಿ, ನಿಪ್ಪಲ್ಲಿನ ತೂತು ದೊಡ್ಡದು ಮಾಡಿ ಕುಡಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ. ತೊಳೆಯಲು ಕಷ್ಟವಾದ ಆ ಬಾಟಲಿಯಿಂದ ಭೇದಿ ಬರುತ್ತದೆ, ಅಗಿಯುವುದನ್ನು ಕಲಿಯುವ ಅವಕಾಶವೂ ತಪ್ಪಿಹೋಗುತ್ತದೆ.

ರಾಗಿಯ ಮೇಲೆ ನನಗೆ ಎಷ್ಟೇ ಅಭಿಮಾನವಿದ್ದರೂ ಒಂದು ಮಾತು ಹೇಳಲೇಬೇಕು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಧಾನ್ಯಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕಬ್ಬಿಣದ ವಿಷಯದಲ್ಲಿ ರಾಗಿಯನ್ನೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಅದರಲ್ಲಿರುವುದು ಐದು ಮಿಲಿಗ್ರಾಮಿಗಿಂತ ಕಡಿಮೆ, ಅದನ್ನೂ ಕಾಳಿನಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಮೈಗೆ ಹತ್ತಲು ಬಿಡುವುದಿಲ್ಲ. ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮಗು ತಾಯಿಯ ಹೊಟ್ಟೆಯಿಂದ ತಂದುಕೊಂಡ ಕಬ್ಬಿಣದ ಗಂಟು ಸುಮಾರು ಆರು ತಿಂಗಳಿಗೆ ಕರಗುತ್ತದೆ; ತಾಯಿಹಾಲಿನಲ್ಲಿ ಕಬ್ಬಿಣ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆ ಇತ್ತು. ಮೂರರಲ್ಲಿ ಇಬ್ಬರು. ಐದು ವರ್ಷದೊಳಗಿನವರಲ್ಲಿ ಶೇಕಡಾ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಗಿ ಬೆಳೆಯುವ, ಹಾಲು ಹರಿಯುವ ನಾಡಿನ ಲೆಕ್ಕ ಇದು; ಓದಿದಾಗಲೆಲ್ಲ ಸಂಕಟವಾಗುತ್ತದೆ.

ಹಾಗಾಗಿ ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು, ಕೋಳಿಯ ಈಲಿಯನ್ನು ಏಳನೇ ತಿಂಗಳಿನಿಂದಲೇ ಚೆನ್ನಾಗಿ ಬೇಯಿಸಿ, ಹಿಸುಕಿ ಕೊಡಬಹುದು. ಮೊಟ್ಟೆ ಉಷ್ಣ ಎಂದು ವರ್ಷದವರೆಗೆ ಮುಂದೂಡುವುದರಿಂದ ಮಗುವಿಗೆ ನಷ್ಟವೇ. ಸಸ್ಯಾಹಾರಿಗಳ ಮನೆಯಲ್ಲಿ ಬೇಳೆಕಾಳು ದಿನವೂ ಇರಬೇಕು, ದಂಟಿನ ಸೊಪ್ಪು, ನುಗ್ಗೆಸೊಪ್ಪು ಮೆತ್ತಗೆ ಬೆಂದು ಅನ್ನಕ್ಕೆ ಸೇರಬೇಕು, ಮೇಲೆ ನಾಲ್ಕು ಹನಿ ನಿಂಬೆರಸ ಬೀಳಬೇಕು. ಆ ಹುಳಿಯೇ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವಂತೆ ಮಾಡುತ್ತದೆ. ಚಹಾಕ್ಕೆ ಬಿಸ್ಕತ್ತು ಅದ್ದಿ ತಿನ್ನಿಸುವುದು ಇದಕ್ಕೆ ತದ್ವಿರುದ್ಧ. ಚಹಾದ ಟ್ಯಾನಿನ್ ಸಿಕ್ಕಿದ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಸರ್ಕಾರದ ಕಡೆಯಿಂದ ಆರು ತಿಂಗಳು ತುಂಬಿದ ಮಗುವಿಗೆ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಮಿಲಿಲೀಟರ್ ಕೊಡುವ ಕ್ರಮವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಮಲ ಕಪ್ಪಾಯಿತೆಂದು ಎಷ್ಟೋ ಮಂದಿ ಅದನ್ನು ಕಪಾಟಿಗೆ ಸೇರಿಸಿಬಿಡುತ್ತಾರೆ. ಕಬ್ಬಿಣ ಕೊಟ್ಟಾಗ ಮಲ ಕಪ್ಪಾಗುವುದು ಸಹಜ. ಅಂಗನವಾಡಿಯಿಂದ ಬರುವ ಪುಷ್ಟಿ ಹಿಟ್ಟೂ ಮನೆಮಂದಿಗೆಲ್ಲ ಉಂಡೆಯಾಗಿ ಹಂಚಿಹೋಗದೆ ಮಗುವಿನ ಬಟ್ಟಲಿಗೇ ಬೀಳಲಿ. ನಮ್ಮ ರಾಜ್ಯದಲ್ಲಿ ಅಂಗನವಾಡಿ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಶುರುವಾಯಿತು. ಅಲ್ಲಿಂದೀಚೆಗೆ ಸಾವಿರಾರು ಟೀಚರ್‌ಗಳು ಕಡಿಮೆ ಗೌರವಧನಕ್ಕೆ ತಕ್ಕಡಿ ಹಿಡಿದು ನಮ್ಮ ಮಕ್ಕಳನ್ನು ತೂಗುತ್ತಾ ಬಂದಿದ್ದಾರೆ.

ಬೇಡವಾದವುಗಳನ್ನು ಬೇಗ ಹೇಳಿಬಿಡುತ್ತೇನೆ. ವರ್ಷ ತುಂಬುವವರೆಗೆ ಜೇನುತುಪ್ಪ ನಾಲಿಗೆಗೂ ಸವರಬೇಡಿ, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಎಳೆಯ ಕರುಳಿನಲ್ಲಿ ವಿಷ ಉತ್ಪಾದಿಸುತ್ತವೆ. ಹಸುವಿನ ಹಾಲನ್ನು ವರ್ಷದೊಳಗೆ ಮುಖ್ಯ ಪಾನೀಯ ಮಾಡಬೇಡಿ, ವರ್ಷವಾದ ಮೇಲೂ ಅರ್ಧ ಲೀಟರ್ ಮೀರದಿರಲಿ; ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಂಡ ಮಗು ಊಟ ಬಿಡುತ್ತದೆ, ರಕ್ತ ಕಡಿಮೆಯಾಗುತ್ತದೆ. ಸಕ್ಕರೆ ಬೇಡ, ಬೆಲ್ಲವೂ ಸಕ್ಕರೆಯೇ. ಇಡೀ ಕಡಲೆಕಾಯಿ ಬೀಜ, ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಪಾಪ್‌ಕಾರ್ನ್ ನಾಲ್ಕು ವರ್ಷದವರೆಗೆ ಕೈಗೆ ಸಿಗದಿರಲಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯ ದೊಡ್ಡದು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರ ಮತ್ತು ಹಾಲಿನ ಪುಡಿಯ ಜಾಹೀರಾತನ್ನು 1992ರ ಕಾಯ್ದೆ ಮತ್ತು ಅದರ ತಿದ್ದುಪಡಿ ನಿಷೇಧಿಸಿವೆ ಎನ್ನುವುದು ಗೊತ್ತಿದ್ದರೆ, ಅಂಗಡಿಯಲ್ಲಿ ಯಾರಾದರೂ ಹೊಗಳಿದಾಗ ನೆನಪಿಗೆ ಬರುತ್ತದೆ.

ಇನ್ನು ಎಲ್ಲ ಮನೆಗಳ ಕೂಗು: “ತಿನ್ನೋದೇ ಇಲ್ಲ.”

ಮೊದಮೊದಲು ಮಗು ನಾಲಿಗೆಯಿಂದ ತುತ್ತನ್ನು ಹೊರಗೆ ತಳ್ಳುತ್ತದೆ. ರುಚಿ ಹಿಡಿಸದೆ ಹಾಗೆ ಮಾಡುವುದಲ್ಲ. ಹಾಲು ಚೀಪಲು ಮುಂದೆ ಬರುತ್ತಿದ್ದ ನಾಲಿಗೆ ಈಗ ಹಿಂದಕ್ಕೆ ತಳ್ಳುವುದನ್ನು ಕಲಿಯಬೇಕು, ಅದಕ್ಕೆ ಕೆಲವು ದಿನ ಬೇಕು. ಹೊಸ ರುಚಿಯೊಂದನ್ನು ಒಪ್ಪಿಕೊಳ್ಳಲು ಎಂಟು ಹತ್ತು ಸಲ ಬಾಯಿಗೆ ಬೀಳಬೇಕಾಗಬಹುದು. ನಾವು ಮೂರನೇ ಸಲಕ್ಕೇ ಇವನಿಗೆ ಕುಂಬಳಕಾಯಿ ಸೇರಲ್ಲ ಎಂದು ತೀರ್ಪು ಕೊಟ್ಟಿರುತ್ತೇವೆ. ಮಗು ಬಾಯಿ ಮುಚ್ಚಿತು, ಮುಖ ತಿರುಗಿಸಿತು ಎಂದರೆ ಸಾಕು ಎಂದರ್ಥ. ಅಲ್ಲಿಗೆ ಚಮಚ ಕೆಳಗಿಡಬೇಕು. ಏನು ಕೊಡುವುದು, ಯಾವಾಗ ಕೊಡುವುದು ನಮ್ಮ ಕೆಲಸ. ಎಷ್ಟು ತಿನ್ನುವುದು ಮಗುವಿನದು.

ಇದನ್ನು ಬರೆಯುವುದು ಸುಲಭ, ಕಣ್ಣೆದುರು ಅರ್ಧ ಬಟ್ಟಲು ಉಳಿದಾಗ ಪಾಲಿಸುವುದು ಕಷ್ಟ. ನನಗೂ ಆಗಿತ್ತು. ಮಗಳನ್ನು ಕಾಲ ಮೇಲೆ ಅಡ್ಡ ಮಲಗಿಸಿಕೊಂಡು ಒಳಲೆಯಿಂದ ಸುರಿದಿದ್ದೇನೆ. ಅವಳು ಅಳುತ್ತಾ ನುಂಗಿದ್ದಳು, ಒಮ್ಮೆ ಕೆಮ್ಮಿ ಮುಖ ಕೆಂಪಾಗಿ ಉಸಿರು ಸಿಕ್ಕದೆ ಒದ್ದಾಡಿದಳು. ಆ ಮಧ್ಯಾಹ್ನ ನನಗೆ ಇಂದಿಗೂ ಮರೆತಿಲ್ಲ. ಅಳುವ ಮಗುವಿನ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದು ತಪ್ಪಿದರೂ ಊಟವೆಂದರೆ ಹಿಂಸೆ ಎಂದು ಮಗು ಕಲಿಯುತ್ತದೆ. ಮೊಬೈಲ್ ತೋರಿಸಿ ಉಣಿಸುವುದು ಹಿಂಸೆಯ ಹಾಗೆ ಕಾಣುವುದಿಲ್ಲ, ಆದರೆ ಪರದೆಯಲ್ಲಿ ಮುಳುಗಿದ ಮಗುವಿಗೆ ಹೊಟ್ಟೆ ತುಂಬಿತೋ ಇಲ್ಲವೋ ತಿಳಿಯುವುದಿಲ್ಲ. ಕೂರಿಸಿ, ಎದುರು ಕೂತು, ಮಾತಾಡುತ್ತಾ ಉಣಿಸಿ. ಅರ್ಧ ಗಂಟೆಗೆ ಮುಗಿಸಿ. ಊಟಕ್ಕೆ ಮುಂಚಿನ ಒಂದೂವರೆ ಎರಡು ಗಂಟೆಯಲ್ಲಿ ಬಿಸ್ಕತ್ತು, ರಸ್ಕು ಕೊಡದಿದ್ದರೆ ಹಸಿವೇ ನಮ್ಮ ಅರ್ಧ ಕೆಲಸ ಮಾಡುತ್ತದೆ.

ಮಗು ಹುಟ್ಟಿದಾಗಿನ ತೂಕ ಐದು ತಿಂಗಳ ಹೊತ್ತಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ಎರಡನೇ ವರ್ಷವಿಡೀ ಏರುವುದು ಎರಡು ಎರಡೂವರೆ ಕಿಲೋ ಅಷ್ಟೇ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಒಂದೂವರೆ ವರ್ಷದ ಮಗು ಮೊದಲಿನ ಹಾಗೆ ತಿನ್ನುತ್ತಿಲ್ಲ ಎಂದು ಹಸಿವಿನ ಟಾನಿಕ್ ಕೇಳಿಕೊಂಡು ಹೋಗುವ ಮೊದಲು ತಾಯಿ ಕಾರ್ಡಿನ ಗೆರೆ ನೋಡಿ. ಅದು ತನ್ನ ಹಾದಿಯಲ್ಲೇ ಏರುತ್ತಿದ್ದರೆ ಮಗು ಸಣ್ಣಗಿದ್ದರೂ ಚಿಂತೆಯಿಲ್ಲ. ಗೆರೆ ಅಡ್ಡವಾದರೆ, ಕೆಳಗೆ ಬಾಗಿದರೆ, ಮಗು ಗುಂಡಗಿದ್ದರೂ ವೈದ್ಯರಿಗೆ ತೋರಿಸಿ. ಭೇದಿಯಾದಾಗ ಊಟ ನಿಲ್ಲಿಸುವ ಪದ್ಧತಿಯನ್ನು ಬಿಡಬೇಕು: ಓಆರ್‌ಎಸ್ ನೀರು, ವೈದ್ಯರು ಹೇಳಿದಂತೆ 14 ದಿನ ಜಿಂಕ್, ಜೊತೆಗೆ ತಾಯಿಹಾಲು ಮತ್ತು ಎಂದಿನ ಮೆತ್ತಗಿನ ಊಟ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚು ಕೊಟ್ಟರೆ ಕಳೆದುಕೊಂಡ ತೂಕ ಮರಳಿ ಬರುತ್ತದೆ.

ಮಗಳಿಗೆ ಹತ್ತು ತಿಂಗಳಾಗುವಷ್ಟರಲ್ಲಿ ಅವಳ ಗೆರೆ ಮತ್ತೆ ಎದ್ದಿತು. ಮಗನ ಸರದಿ ಬಂದಾಗ ನಾನು ಬೇರೆ ಅಡುಗೆ ಮಾಡುವುದನ್ನೇ ಆದಷ್ಟು ಬಿಟ್ಟೆ. ಸಾರಿಗೆ ಉಪ್ಪು ಖಾರ ಬೀಳುವ ಮುಂಚೆ ಬೆಂದ ಬೇಳೆ, ಸೊಪ್ಪನ್ನು ಒಂದು ಸೌಟು ತೆಗೆದಿಟ್ಟುಕೊಳ್ಳುವುದು, ಅಷ್ಟೇ. ಅವನು ವರ್ಷ ತುಂಬುವ ಹೊತ್ತಿಗೆ ಅವನಪ್ಪನ ಪಕ್ಕದಲ್ಲಿ ತನ್ನದೇ ಚಿಕ್ಕ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ. ಅದರಲ್ಲಿ ನಿಂಬೆಹಣ್ಣಿನಷ್ಟು ಮುದ್ದೆ, ಬೇಳೆಯಲ್ಲಿ ಕಿವುಚಿದ್ದು, ಮೇಲೊಂದಿಷ್ಟು ತುಪ್ಪ. ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಊಟ ಮುಗಿದ ಮೇಲೆ ನೆಲ ಒರೆಸುವುದು ಅವರಪ್ಪನ ಕೆಲಸವಾಗಿತ್ತು.